ಕಲಬುರಗಿಯ ಬಿಸಿಲಿನಲ್ಲಿ ಕಚೇರಿಗೆ ಸೈಕಲ್ ಆಗುತ್ತದೆಯೇ?

ಪ್ರಶ್ನೆ: ಶಿವಮೊಗ್ಗದಿಂದ ಕಲಬುರಗಿಗೆ ವರ್ಗವಾಗಿ ಬಂದಿದ್ದೇನೆ. ಅಲ್ಲಿ ಕಚೇರಿಗೆ ಸೈಕಲ್ಲಿನಲ್ಲೇ ಹೋಗುತ್ತಿದ್ದೆ. ಇಲ್ಲಿ ಹಾಗೆಂದರೆ ಎಲ್ಲರೂ ನಗುತ್ತಾರೆ. ಮನೆಯಿಂದ ಕಚೇರಿಗೆ ಐದು ಕಿಲೋಮೀಟರ್ ಆಗಬಹುದು. ಊರಿನ ದಾರಿಗಳೂ ಸರಿಯಾಗಿ ಗೊತ್ತಿಲ್ಲ. ನಿಜಕ್ಕೂ ಇದು ಆಗದ ಮಾತೇ?

ಉತ್ತರ: ಆಗುವ ಮಾತೇ. ನಗುವವರನ್ನು ಒಂದು ದಿನ ಬೆಳಿಗ್ಗೆ ಬೇಗ ಎಬ್ಬಿಸಿ ರಸ್ತೆಗೆ ಕರೆತನ್ನಿ. ಹಾಲು ಹಾಕುವವರು, ಪೇಪರ್ ಹುಡುಗರು, ಬುತ್ತಿ ಕಟ್ಟಿಕೊಂಡು ಗಾರೆ ಕೆಲಸಕ್ಕೆ ಹೊರಟವರು ಸೈಕಲ್ ತುಳಿಯುತ್ತಿರುತ್ತಾರೆ. ಈ ಊರಿಗೆ ಸೈಕಲ್ ಹೊಸದೇನಲ್ಲ. ಸಂಬಳದ ನೌಕರ ಅದನ್ನು ಹತ್ತಿದರೆ ಮಾತ್ರ ಜನ ತಿರುಗಿ ನೋಡುತ್ತಾರೆ.

ದೂರದ ಚಿಂತೆ ಬಿಡಿ. ನೆಲ ಹೆಚ್ಚುಕಡಿಮೆ ಸಮತಟ್ಟು, ನಿಮ್ಮ ಮಲೆನಾಡಿನ ಏರುಗಳನ್ನು ತುಳಿದ ಕಾಲಿಗೆ ಇಲ್ಲಿನದು ಏರೇ ಅಲ್ಲ. ಗಂಟೆಗೆ ಹನ್ನೆರಡರಿಂದ ಹದಿನೈದು ಕಿಲೋಮೀಟರ್ ವೇಗದಲ್ಲಿ ಸಾವಕಾಶವಾಗಿ ಹೋದರೂ ಐದು ಕಿಲೋಮೀಟರ್‌ಗೆ ಇಪ್ಪತ್ತರಿಂದ ಇಪ್ಪತ್ತೈದು ನಿಮಿಷ ಸಾಕು. ಸೇಡಂ ರಸ್ತೆಯಲ್ಲಿರುವ ವಿಶ್ವವಿದ್ಯಾಲಯದವರೆಗಿನ ಹತ್ತು ಕಿಲೋಮೀಟರ್ ಕೂಡ ರೂಢಿಯಾದವರಿಗೆ ಕಷ್ಟವಲ್ಲ. ಆಳಂದ ರಸ್ತೆಯ ಕಡಗಂಚಿಯಲ್ಲಿರುವ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಕೆಲಸವಾಗಿದ್ದರೆ ಮಾತ್ರ ಬಸ್ಸೇ ಸರಿ.

ಇಲ್ಲಿ ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ: ನೀವು ಮನೆಗೆ ಮರಳುವುದು ಎಷ್ಟು ಗಂಟೆಗೆ?

ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವುದು ಸುದ್ದಿಯೇ ಅಲ್ಲ, 43-44 ಕೂಡ ಕಾಣುತ್ತದೆ. ಅದಕ್ಕಾಗಿಯೇ ಆ ಎರಡು ತಿಂಗಳು ಕಲಬುರಗಿ ವಿಭಾಗದ ಜಿಲ್ಲೆಗಳ ಸರ್ಕಾರಿ ಕಚೇರಿಗಳ ವೇಳೆಯನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸುತ್ತಾರೆ. ವಿಜಯಪುರ, ಬಾಗಲಕೋಟೆಗೂ ಇದೇ ವೇಳೆ. ಫ್ಯಾನಿನ ಕೆಳಗೆ ಕೂರುವವರಿಗೆ ಇದು ವರ. ಸೈಕಲ್ ಸವಾರರಿಗೆ ಅರ್ಧ ವರ, ಅರ್ಧ ಶಾಪ. ಬೆಳಿಗ್ಗೆ ಏಳೂವರೆಗೆ ಹೊರಟರೆ ಹಾದಿಯೇನೋ ತಂಪು. ಆದರೆ ಒಂದೂವರೆಗೆ ನಿಮ್ಮನ್ನು ಹೊರಗೆ ಬಿಡುತ್ತಾರಲ್ಲ, ಅದು ದಿನದ ಅತಿ ಕೆಟ್ಟ ಹೊತ್ತು. ನಮ್ಮ ಗಡಿಯಾರ ನಡೆಯುವುದು 82.5 ಡಿಗ್ರಿ ರೇಖಾಂಶದ ಲೆಕ್ಕದಲ್ಲಿ. ಕಲಬುರಗಿ ಅದಕ್ಕಿಂತ ಪಶ್ಚಿಮಕ್ಕಿರುವುದರಿಂದ ಸೂರ್ಯ ಇಲ್ಲಿ ನೆತ್ತಿಗೆ ಬರುವುದೇ ಸುಮಾರು 12.20ಕ್ಕೆ. ಮೇ ಎರಡನೇ ವಾರದ ಆಸುಪಾಸಿನಲ್ಲಿ ಅಕ್ಷರಶಃ ನೆತ್ತಿಯ ಮೇಲೆಯೇ ನಿಲ್ಲುತ್ತಾನೆ. ಆಗ ಕಟ್ಟಡಗಳ ನೆರಳು ಗೋಡೆಯ ಬುಡ ಬಿಟ್ಟು ರಸ್ತೆಗೆ ಚಾಚುವುದಿಲ್ಲ. ಗಾಳಿ ಅತಿ ಬಿಸಿಯಾಗುವುದು ಇನ್ನೂ ಮುಂದೆ, ಮೂರು-ನಾಲ್ಕು ಗಂಟೆಗೆ. ಅಂದರೆ ಒಂದು ತಾಸು ಕಾದು ಹೊರಡುತ್ತೇನೆ ಎಂಬ ಲೆಕ್ಕಾಚಾರವೂ ನಡೆಯುವುದಿಲ್ಲ. ಕಾಯುವುದಾದರೆ ಸಂಜೆ ಆರರವರೆಗೆ ಕಾಯಬೇಕು.

ಹಾಗಾಗಿ ನನ್ನ ಉತ್ತರದಲ್ಲಿ ಒಂದು ಷರತ್ತಿದೆ. ಜೂನ್‌ನಿಂದ ಮಾರ್ಚ್‌ವರೆಗೆ ಧಾರಾಳವಾಗಿ ತುಳಿಯಿರಿ. ಏಪ್ರಿಲ್, ಮೇ ತಿಂಗಳಲ್ಲಿ ಬೆಳಿಗ್ಗೆ ಹೋಗಿ ಸಂಜೆ ಬಿಸಿಲಿಳಿದ ಮೇಲೆ ಬರುವ ಕೆಲಸವಾದರೆ ಮುಂದುವರಿಸಿ. ಮಧ್ಯಾಹ್ನ ಬಿಡುವ ಕಚೇರಿಯಾದರೆ ಸೈಕಲ್ಲನ್ನು ಎರಡು ತಿಂಗಳು ಮನೆಯಲ್ಲಿಡಿ. ಛಲಕ್ಕೆ ಬೀಳುವ ವಿಷಯವಲ್ಲ ಇದು.

ಸೈಕಲ್ ಓಡಿಸುವಾಗ ಗಾಳಿ ಬಡಿಯುತ್ತದೆ, ತಂಪಾಗಿರುತ್ತದೆ ಎಂದು ಕೆಲವರು ಹೇಳುತ್ತಾರೆ. ನಮ್ಮ ಚರ್ಮದ ಬಿಸಿ ಸುಮಾರು 35 ಡಿಗ್ರಿ. ಗಾಳಿ ಅದಕ್ಕಿಂತ ತಂಪಾಗಿದ್ದರೆ ಮಾತ್ರ ಅದು ಮೈಯ ಬಿಸಿಯನ್ನು ಒಯ್ಯುತ್ತದೆ. 42 ಡಿಗ್ರಿಯ ಗಾಳಿ ಕಾದ ರೊಟ್ಟಿ ಹಂಚಿನ ಮೇಲಿಂದ ಬೀಸಿದಂತೆ ಮುಖಕ್ಕೆ ಬಡಿದು ಬಿಸಿಯನ್ನು ಒಳಕ್ಕೇ ತುಂಬುತ್ತದೆ. ಆಗ ಮೈಯನ್ನು ಕಾಯುವುದು ಬೆವರು ಆರುವುದೊಂದೇ. ಇಲ್ಲಿನ ಒಣ ಹವೆಯಲ್ಲಿ ಬೆವರು ಎಷ್ಟು ಬೇಗ ಆರುತ್ತದೆಂದರೆ ಅಂಗಿ ಒದ್ದೆಯಾದದ್ದೇ ಗೊತ್ತಾಗುವುದಿಲ್ಲ. ಮನೆಗೆ ಬಂದು ಅಂಗಿ ಬಿಚ್ಚಿದಾಗ ಬೆನ್ನಿನ ಮೇಲೆ, ಕಂಕುಳ ಸುತ್ತ ಉಪ್ಪಿನ ಬಿಳಿ ಗೆರೆಗಳು ಕಾಣಿಸುತ್ತವೆ. ಹೋದ ನೀರಿನ ಲೆಕ್ಕ ಅಲ್ಲಿದೆ. ಮಲೆನಾಡಿನಲ್ಲಿ ಅಂಗಿ ತೊಯ್ದು ಎಚ್ಚರಿಸುತ್ತಿತ್ತು, ಇಲ್ಲಿ ಆ ಎಚ್ಚರಿಕೆ ಸಿಗುವುದಿಲ್ಲ. ಆದ್ದರಿಂದ ಬಾಯಾರಿಕೆಗೆ ಕಾಯದೆ, ಹೊರಡುವ ಮೊದಲೇ ನೀರು ಕುಡಿಯಿರಿ. ಉಪ್ಪು ಹಾಕಿದ ಮಜ್ಜಿಗೆ ಇನ್ನೂ ಒಳ್ಳೆಯದು. ತೀರಾ ಬಳಲಿದ್ದರೆ ಒಂದು ಲೀಟರ್ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿಕೊಳ್ಳಿ. ಚಮಚಗಳು ಮಟ್ಟಸವಾಗಿರಲಿ, ರಾಶಿ ಬೇಡ.

ಸಡಿಲವಾದ, ತುಂಬು ತೋಳಿನ ಹತ್ತಿ ಅಂಗಿ ಹಾಕಿಕೊಳ್ಳಿ. ಹಳ್ಳಿಯ ಹಿರಿಯರು ತಲೆಗೆ ಬಿಳಿ ರುಮಾಲು ಸುತ್ತುವುದು ಬರೀ ಶೋಕಿಗಲ್ಲ. ತೆಳ್ಳನೆಯ ಟವೆಲ್ ಒದ್ದೆ ಮಾಡಿ ಕುತ್ತಿಗೆಗೆ ಹಾಕಿಕೊಂಡರೆ ಒಣ ಹವೆ ನಿಮ್ಮ ಪರವಾಗಿ ಕೆಲಸ ಮಾಡುತ್ತದೆ. ತಲೆ ಸುತ್ತಿದರೆ, ವಾಕರಿಕೆ ಬಂದರೆ ಇಳಿದು ನೆರಳಿಗೆ ಹೋಗಿ, ಮೈ ಒದ್ದೆ ಮಾಡಿಕೊಳ್ಳಿ. ಯಾರಾದರೂ ಬಿಸಿಲಿಗೆ ಬಿದ್ದು ಮಾತು ತೊದಲಿದರೆ, ಗೊಂದಲಗೊಂಡರೆ, ತಡ ಮಾಡದೆ 108ಕ್ಕೆ ಕರೆ ಮಾಡಿ. ಇನ್ನೊಂದು ಮಾತು: ಬಿಸಿಲಿಗೆ ಮೈ ಒಗ್ಗಲು ಒಂದೆರಡು ವಾರ ಬೇಕು. ಚಳಿಗಾಲದಲ್ಲಿ ಶುರು ಮಾಡಿದವರಿಗೆ ಫೆಬ್ರವರಿ, ಮಾರ್ಚ್‌ನ ಬಿಸಿಲು ತಾನಾಗಿ ಒಗ್ಗಿಹೋಗುತ್ತದೆ. ಏಪ್ರಿಲ್‌ನಲ್ಲಿ ರೈಲಿಳಿದು ಮರುದಿನವೇ ಪೆಡಲ್ ತುಳಿಯುವವರು ಕಾಯಿಲೆ ಬೀಳುತ್ತಾರೆ.

ಇನ್ನು ದಾರಿ. ಮೊಬೈಲಿನ ನಕ್ಷೆ ಹತ್ತಿರದ ದಾರಿ ತೋರಿಸುತ್ತದೆ, ಆ ದಾರಿ ಬಹುಪಾಲು ಸೂಪರ್ ಮಾರ್ಕೆಟ್, ಜಗತ್ ವೃತ್ತದ ಜನಜಂಗುಳಿಯ ನಡುವೆಯೇ ಹೋಗುತ್ತದೆ. ಆಟೋ, ತಳ್ಳುಗಾಡಿ, ಎದುರಿನಿಂದಲೇ ನುಗ್ಗಿ ಬರುವ ಬೈಕುಗಳ ನಡುವೆ ಹೊಸಬರು ಕಲಿಯುವುದು ಬೇಡ. ರಿಂಗ್ ರಸ್ತೆ ಅಗಲವಾಗಿದೆ, ಆದರೆ ಅಲ್ಲಿ ಲಾರಿಗಳದೇ ದರ್ಬಾರು. ಇವೆರಡರ ನಡುವೆ ಬಡಾವಣೆಗಳ ಒಳರಸ್ತೆಗಳಿವೆ. ಸ್ವಲ್ಪ ಸುತ್ತಾದರೂ ಮರಗಳಿರುವ ಒಳರಸ್ತೆ ಹಿಡಿಯಿರಿ. ಭಾನುವಾರ ಒಮ್ಮೆ ಓಡಿಸಿದರೆ ಗುಂಡಿಗಳೂ ಬಣ್ಣವಿಲ್ಲದ ಉಬ್ಬುಗಳೂ ಕಣ್ಣಿಗೆ ಬೀಳುತ್ತವೆ. ವಾಹನಗಳ ಆಟ ಗೊತ್ತಾಗಬೇಕಾದರೆ ಕೆಲಸದ ದಿನ, ಕಚೇರಿಯ ಹೊತ್ತಿಗೇ ಹೋಗಿ ನೋಡಬೇಕು. ದಾರಿ ಕೇಳುವಾಗ ರಸ್ತೆಯ ಹೆಸರಿಗಿಂತ ವೃತ್ತದ ಹೆಸರು ಹೇಳಿ. ಜನ ಗುರುತು ಹೇಳುವುದು ರಾಮಮಂದಿರ, ಜಗತ್ ಎಂದೇ.

ಬಾಡಿಗೆ ಮನೆ ಇನ್ನೂ ಗೊತ್ತಾಗಿಲ್ಲವಾದರೆ ಒಂದು ಸೂಕ್ಷ್ಮ ನೋಡಿಕೊಳ್ಳಿ. ಸೇಡಂ ರಸ್ತೆ ಊರಿನಿಂದ ಪೂರ್ವಕ್ಕೆ ಹೋಗುತ್ತದೆ. ಊರೊಳಗೆ ಮನೆ, ಆ ಕಡೆ ಕಚೇರಿಯಾದರೆ ಬೆಳಿಗ್ಗೆ ಸೂರ್ಯ ಕಣ್ಣಿಗೆ ಕುಕ್ಕುತ್ತಾನೆ, ಸಂಜೆ ಮರಳುವಾಗಲೂ ಎದುರಿಗೇ ಇರುತ್ತಾನೆ. ಕಚೇರಿಯ ಪೂರ್ವಕ್ಕೆ ಮನೆ ಮಾಡಿದರೆ ಎರಡು ಹೊತ್ತೂ ಬಿಸಿಲು ಬೆನ್ನಿಗೆ. ಎದುರು ಬಿಸಿಲಿನಲ್ಲಿ ನಿಮಗೆ ಗುಂಡಿ ಕಾಣುವುದಿಲ್ಲ ಎಂಬುದಕ್ಕಿಂತ, ನಿಮ್ಮ ಹಿಂದಿನಿಂದ ಬರುವ ಲಾರಿಯವನಿಗೆ ನೀವು ಕಾಣುವುದಿಲ್ಲ ಎಂಬುದು ದೊಡ್ಡ ಅಪಾಯ.

ಡಿಸೆಂಬರ್, ಜನವರಿಯಲ್ಲಿ ತೊಗರಿ ಕೊಯ್ಲಾಗಿ ಗಂಜಿನ, ಅಂದರೆ ಧಾನ್ಯದ ಮಾರುಕಟ್ಟೆಯ, ಕಡೆಗೆ ಚೀಲ ಹೊತ್ತ ವಾಹನಗಳು ಸಾಲುಗಟ್ಟುತ್ತವೆ. ಈ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ. ಹೆಮ್ಮೆಪಡಿ, ಆದರೆ ಟ್ರ್ಯಾಕ್ಟರಿನ ಹಿಂಬದಿಗೆ ಅಂಟಿಕೊಂಡು ಹೋಗಬೇಡಿ. ಹೋಳಿ ಕಳೆದ ಮೇಲೆ ಶರಣಬಸವೇಶ್ವರರ ಜಾತ್ರೆ ಬರುತ್ತದೆ, ಬಂದೇ ನವಾಜ್ ದರ್ಗಾದ ಉರುಸು ಚಾಂದ್ರಮಾನದ ಪ್ರಕಾರ ವರ್ಷವರ್ಷವೂ ಹಿಂದೆ ಸರಿಯುತ್ತದೆ. ಆ ದಿನಗಳಲ್ಲಿ ಅತ್ತ ಸುಳಿಯಬೇಡಿ. ಹೋಗುವುದಿದ್ದರೆ ಜಾತ್ರೆ ನೋಡಲಿಕ್ಕೆಂದೇ ಹೋಗಿ.

ಕಚೇರಿಯಲ್ಲಿ ಸೈಕಲ್ ನಿಲ್ಲಿಸುವಾಗ ಬೆಳಗಿನ ನೆರಳನ್ನು ನಂಬಬೇಡಿ. ಒಂಬತ್ತು ಗಂಟೆಗೆ ಬೇವಿನ ಮರದ ಪಶ್ಚಿಮಕ್ಕೆ ಬಿದ್ದ ನೆರಳು ಮಧ್ಯಾಹ್ನದ ನಂತರ ಪೂರ್ವಕ್ಕೆ ಹೊರಳಿರುತ್ತದೆ. ಬರುವಾಗ ಬಿಸಿಲಿದ್ದರೂ ಸರಿ, ಮರದ ಪೂರ್ವ ಬದಿಗೇ ನಿಲ್ಲಿಸಿ, ಸೀಟಿಗೆ ಒಂದು ಬಟ್ಟೆ ಹೊದಿಸಿ. ಇಲ್ಲದಿದ್ದರೆ ಸಂಜೆ ಆ ಕಪ್ಪು ಸೀಟಿನ ಮೇಲೆ ಕೂರಲು ಧೈರ್ಯ ಬೇಕು. ಬೇಸಿಗೆಯಲ್ಲಿ ಟೈರ್ ಸಿಡಿಯುತ್ತದೆ, ಗಾಳಿ ಕಡಿಮೆ ಹಾಕಿಸಿ ಎಂಬ ಸಲಹೆ ನಿಮಗೆ ಬಂದೇ ಬರುತ್ತದೆ. 30 ಡಿಗ್ರಿಯಲ್ಲಿ 50 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಇದ್ದ ಟೈರ್ ಬಿಸಿಲಲ್ಲಿ 60 ಡಿಗ್ರಿಗೆ ಕಾದರೂ ಒತ್ತಡ ಏರುವುದು ಸುಮಾರು ಆರು ಪಿಎಸ್‌ಐ ಅಷ್ಟೇ. ಒಳ್ಳೆಯ ಟೈರಿಗೆ ಅದು ಲೆಕ್ಕಕ್ಕಿಲ್ಲ. ಸಿಡಿಯುವುದು ಅಂಚು ಬಿರಿದ ಹಳೆಯ ಟೈರು, ಸೋರುವುದು ಸಡಿಲವಾದ ಹಳೆಯ ಪ್ಯಾಚು. ಗಾಳಿ ಕಡಿಮೆಯಿದ್ದರೆ ಗುಂಡಿಗೆ ಬಿದ್ದಾಗ ಟ್ಯೂಬು ರಿಮ್ಮಿಗೂ ರಸ್ತೆಗೂ ನಡುವೆ ಸಿಕ್ಕಿ ಹರಿಯುತ್ತದೆ. ಟೈರಿನ ಬದಿಯಲ್ಲಿ ಬರೆದಷ್ಟು ಗಾಳಿ ಇರಲಿ. ರಸ್ತೆ ಬಿಟ್ಟು ಪಕ್ಕದ ಮಣ್ಣಿಗೆ ಇಳಿಯದಿದ್ದರೆ ಜಾಲಿ ಮುಳ್ಳಿನ ಕಾಟವೂ ಅರ್ಧ ತಪ್ಪುತ್ತದೆ.

ಮಳೆಗಾಲದ ತೊಂದರೆ ನೀರಿಗಿಂತ ಎರೆ ಮಣ್ಣಿನದು. ತೊಯ್ದ ಕಪ್ಪು ಮಣ್ಣು ಟೈರಿಗೆ ಮೆತ್ತಿ, ಪದರದ ಮೇಲೆ ಪದರ ಕೂತು, ಮಡ್‌ಗಾರ್ಡಿನೊಳಗೆ ತುಂಬಿ ಚಕ್ರವನ್ನೇ ಹಿಡಿದು ನಿಲ್ಲಿಸುತ್ತದೆ. ತಳ್ಳಿದರೂ ಉರುಳುವುದಿಲ್ಲ, ಕಡ್ಡಿ ಹುಡುಕಿ ಕೆರೆದು ತೆಗೆಯಬೇಕು. ಹೊಸ ಬಡಾವಣೆಯ ಡಾಂಬರು ಕಾಣದ ರಸ್ತೆಯಲ್ಲಿ ಮನೆಯಿದ್ದರೆ ಇದನ್ನು ಮರೆಯಬೇಡಿ. ಮಳೆ ಬಂದಾಗ ರೈಲ್ವೆ ಕೆಳಸೇತುವೆಗಳನ್ನೂ ಬಿಡಿ. ತೊಯ್ದ ಶಹಾಬಾದ್ ಕಲ್ಲಿನ ನುಣುಪು ಹಾಸಿನ ಮೇಲೆ ಬ್ರೇಕ್ ಹಿಡಿಯುವ ಬದಲು ಇಳಿದು ನಡೆಯಿರಿ.

ನಾಯಿಗಳು ಅಟ್ಟಿಸಿಕೊಂಡು ಬಂದರೆ ವೇಗ ಹೆಚ್ಚಿಸಬೇಡಿ. ಇಳಿದು, ಸೈಕಲ್ಲನ್ನು ನಡುವೆ ಇಟ್ಟುಕೊಂಡು ನಾಲ್ಕು ಹೆಜ್ಜೆ ನಡೆದರೆ ಬಹುಪಾಲು ಸುಮ್ಮನಾಗುತ್ತವೆ. ಚಕ್ರದ ಬೀಗವೊಂದನ್ನೇ ನಂಬದೆ ಸರಪಳಿಯಿಂದ ಕಂಬಕ್ಕೆ ಕಟ್ಟಿ.

ಶಿವಮೊಗ್ಗದ ಸೈಕಲ್ಲನ್ನೇ ತರಿಸಿಕೊಳ್ಳಬೇಕೇ, ಇಲ್ಲೇ ಕೊಳ್ಳಬೇಕೇ ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಅದರ ಚಕ್ರ 26 ಅಥವಾ 28 ಇಂಚಿನದಾದರೆ ತರಿಸಿಕೊಳ್ಳಿ. ಆ ಅಳತೆಯ ಟೈರು, ಟ್ಯೂಬು ಮೂಲೆಯ ಅಂಗಡಿಯಲ್ಲೂ ಸಿಗುತ್ತವೆ. ತೆಳ್ಳನೆಯ ಟೈರಿನ ದುಬಾರಿ ಸೈಕಲ್ಲಾದರೆ ಒಂದೆರಡು ಟ್ಯೂಬು ಅಲ್ಲಿಂದಲೇ ಕೊಂಡು ತನ್ನಿ.