ಕೂಗಿದವರು ಮತ್ತು ಕೈಮಾಡಿದವರು: ಡಿಸ್ನಿ–ಫ್ಲಾರಿಡಾ ಪ್ರಕರಣ

ಸಾಮಾಜಿಕ ವಿವಾದವೊಂದರಲ್ಲಿ ಕಂಪನಿಯ ಹೆಸರು ಕೇಳಿಬಂದ ಕೂಡಲೇ ನಮ್ಮಂಥ ಸಾರ್ವಜನಿಕ ಸಂಪರ್ಕ ಸಲಹೆಗಾರರಿಗೆ ಕರೆ ಮಾಡುವ ಆಡಳಿತ ಮಂಡಳಿಯವರು ಕೇಳುವ ಮೊದಲ ಪ್ರಶ್ನೆ, ಹೇಳಿಕೆ ಕೊಡಬೇಕೇ ಬೇಡವೇ ಎಂಬುದು. ಎರಡನೆಯದು, ಎಷ್ಟು ಜನ ಸಿಟ್ಟಾಗಿದ್ದಾರೆ ಎಂಬುದು. ಈ ಎರಡಕ್ಕೂ ಉತ್ತರ ಹುಡುಕುವ ಮೊದಲು ನಾನು ಅವರ ಮುಂದೆ ಇನ್ನೊಂದು ಪ್ರಶ್ನೆ ಇಡುತ್ತೇನೆ: ಸಿಟ್ಟಾದವರ ಪೈಕಿ ನಿಮಗೆ ನಿಜಕ್ಕೂ ನಷ್ಟ ಮಾಡುವ ಶಕ್ತಿ ಯಾರ ಕೈಯಲ್ಲಿದೆ? ಈ ಪ್ರಶ್ನೆಯ ಬೆಲೆ ಏನೆಂದು ತಿಳಿಯಲು, 2022ರಲ್ಲಿ ವಾಲ್ಟ್ ಡಿಸ್ನಿ ಕಂಪನಿಗೂ ಅಮೆರಿಕದ ಫ್ಲಾರಿಡಾ ರಾಜ್ಯ ಸರ್ಕಾರಕ್ಕೂ ನಡುವೆ ಹುಟ್ಟಿ ಎರಡು ವರ್ಷ ನಡೆದ ಜಗಳವನ್ನು ಮೊದಲಿನಿಂದ ನೋಡಬೇಕು.

ಜಗಳದ ಮೂಲ ಒಂದು ಶಾಲಾ ಮಸೂದೆ. ಶಿಶುವಿಹಾರದಿಂದ ಮೂರನೇ ತರಗತಿಯವರೆಗೆ ಲೈಂಗಿಕ ಒಲವು ಮತ್ತು ಲಿಂಗ ಗುರುತಿನ ಬಗ್ಗೆ ಪಾಠ ಮಾಡಕೂಡದು, ಮೇಲಿನ ತರಗತಿಗಳಲ್ಲಿ ವಯಸ್ಸಿಗೆ ಒಪ್ಪದ ರೀತಿಯಲ್ಲಿ ಮಾಡಕೂಡದು ಎಂದು ಹೇಳುವ ಆ ಮಸೂದೆಯನ್ನು ಬೆಂಬಲಿಗರು ಶಿಕ್ಷಣದಲ್ಲಿ ಪೋಷಕರ ಹಕ್ಕಿನ ಮಸೂದೆ ಎಂದರು. ವಿರೋಧಿಗಳು ‘ಗೇ ಎನ್ನಬೇಡಿ’ ಮಸೂದೆ ಎಂದು ಕರೆದರು. ಆಗ ಫ್ಲಾರಿಡಾದಲ್ಲಿ ಸುಮಾರು 75 ಸಾವಿರ ಜನರಿಗೆ ಉದ್ಯೋಗ ಕೊಟ್ಟಿದ್ದ ಡಿಸ್ನಿ ಇದರ ಬಗ್ಗೆ ಮೊದಮೊದಲು ಬಹಿರಂಗವಾಗಿ ಏನನ್ನೂ ಹೇಳಲಿಲ್ಲ. ಆದರೆ ಫೆಬ್ರವರಿಯಲ್ಲಿ ‘ಒರ್ಲ್ಯಾಂಡೊ ಸೆಂಟಿನೆಲ್’ ಪತ್ರಿಕೆ, ಮಸೂದೆಯ ಪ್ರಾಯೋಜಕರಾದ ಶಾಸಕರಿಗೆಲ್ಲ ಡಿಸ್ನಿಯ ರಾಜಕೀಯ ದೇಣಿಗೆ ಸಂದಿದೆ ಎಂದು ಬರೆಯಿತು. ಮೌನವಾಗಿದ್ದೇವೆ ಎಂದು ಕಂಪನಿ ಭಾವಿಸಿದ್ದಾಗ ಅದರ ಚೆಕ್ಕುಗಳು ಆಗಲೇ ಮಾತಾಡಿ ಮುಗಿಸಿದ್ದವು. ನನ್ನ ಅನುಭವದಲ್ಲಿ ಇಂಥ ವಿವಾದಗಳು ಹೊತ್ತಿಕೊಳ್ಳುವುದು ಬಹುಮಟ್ಟಿಗೆ ಹೀಗೆಯೇ. ಸಂಪರ್ಕ ವಿಭಾಗ ಒಂದು ನಿಲುವನ್ನು ಕಾಪಾಡುತ್ತಿರುತ್ತದೆ, ಸರ್ಕಾರಿ ವ್ಯವಹಾರಗಳ ವಿಭಾಗ ಇನ್ನೊಂದಕ್ಕೆ ಹಣ ಕಟ್ಟುತ್ತಿರುತ್ತದೆ, ಇಬ್ಬರೂ ಒಂದೇ ಮೇಜಿನ ಮುಂದೆ ಕೂತಿರುವುದಿಲ್ಲ.

ಮಾರ್ಚ್ 7ರಂದು ಸಿಇಒ ಬಾಬ್ ಚಾಪೆಕ್ ನೌಕರರಿಗೆ ಪತ್ರ ಬರೆದು, ಕಂಪನಿಗಳ ಹೇಳಿಕೆಗಳಿಂದ ಯಾರ ಮನಸ್ಸೂ ಬದಲಾಗುವುದಿಲ್ಲ, ನಾವು ಹೇಳುವ ಕಥೆಗಳೇ ನಮ್ಮ ನಿಜವಾದ ಪ್ರಭಾವ ಎಂಬರ್ಥದ ಮಾತುಗಳನ್ನಾಡಿದರು. ಇದನ್ನು ಹಲವರು ಹೇಡಿತನವೆಂದು ಜರೆದರು. ನಾನು ಒಪ್ಪುವುದಿಲ್ಲ, ಎಲ್ಲ ಬಗೆಯ ಕುಟುಂಬಗಳಿಗೂ ಟಿಕೆಟ್ ಮಾರುವ ಮನರಂಜನಾ ಕಂಪನಿಯೊಂದು ಇಂಥ ನಿಲುವು ತಳೆದು, ಅದಕ್ಕೆ ಅಂಟಿಕೊಂಡು, ದೇಣಿಗೆಗಳನ್ನೂ ಅದಕ್ಕೆ ತಕ್ಕಂತೆ ನಿಲ್ಲಿಸಿದ್ದರೆ ಸಮರ್ಥಿಸಿಕೊಳ್ಳಬಹುದಾದ ನಿಲುವೇ ಅದಾಗಿತ್ತು. ಆದರೆ ಕಥೆಗಳೇ ಮಾತಾಡುತ್ತವೆ ಎಂಬ ವಾದಕ್ಕೆ ಡಿಸ್ನಿಯದೇ ಆದ ಪಿಕ್ಸಾರ್ ಸ್ಟುಡಿಯೋದ ನೌಕರರೇ ಪತ್ರ ಬರೆದು, ಸಲಿಂಗಿಗಳ ನಡುವಿನ ಪ್ರೀತಿ ಕಾಣಿಸುವ ದೃಶ್ಯಗಳಿಗೆ ಮೇಲಿನವರೇ ಕತ್ತರಿ ಹಾಕಿಸುತ್ತಾರೆ ಎಂದು ಉತ್ತರ ಕೊಟ್ಟರು. ಎರಡೇ ದಿನಗಳಲ್ಲಿ, ಮಾರ್ಚ್ 9ರ ಷೇರುದಾರರ ವಾರ್ಷಿಕ ಸಭೆಯಲ್ಲಿ, ಕಂಪನಿ ಮೊದಲಿನಿಂದಲೂ ಮಸೂದೆಗೆ ವಿರುದ್ಧವಾಗಿತ್ತು, ತೆರೆಮರೆಯಲ್ಲಿ ಪ್ರಯತ್ನಿಸುತ್ತಿತ್ತು ಎಂದು ಚಾಪೆಕ್ ಹೇಳಿದರು. ಸಲಿಂಗಿಗಳ ಹಕ್ಕುಗಳ ಪರ ಸಂಘಟನೆಗಳಿಗೆ 50 ಲಕ್ಷ ಡಾಲರ್ ಕೊಡುವುದಾಗಿಯೂ ಘೋಷಿಸಿದರು. ಅವುಗಳಲ್ಲೊಂದಾದ ಹ್ಯೂಮನ್ ರೈಟ್ಸ್ ಕ್ಯಾಂಪೇನ್, ಮೊದಲು ಕೆಲಸ ಮಾಡಿ ತೋರಿಸಿ ಎಂದು ಹಣವನ್ನೇ ನಿರಾಕರಿಸಿತು. ಮಾರ್ಚ್ 11ರಂದು ಕ್ಷಮಾಪಣೆ ಬಂತು, ಫ್ಲಾರಿಡಾದ ರಾಜಕೀಯ ದೇಣಿಗೆಗಳೆಲ್ಲ ನಿಂತವು. ಮಾರ್ಚ್ 22ರಂದು ನೌಕರರು ಕೆಲಸ ಬಿಟ್ಟು ಹೊರಬಂದು ಪ್ರತಿಭಟಿಸಿದರು. ಮಾರ್ಚ್ 28ರಂದು ಗವರ್ನರ್ ರಾನ್ ಡಿಸಾಂಟಿಸ್ ಮಸೂದೆಗೆ ಸಹಿ ಹಾಕಿದ ದಿನವೇ, ಇದು ಕಾನೂನಾಗಲೇಬಾರದಿತ್ತು, ಇದನ್ನು ರದ್ದುಗೊಳಿಸುವುದೇ ನಮ್ಮ ಗುರಿ ಎಂದು ಡಿಸ್ನಿ ಹೇಳಿಕೆ ಹೊರಡಿಸಿತು.

ಮೂರು ವಾರಗಳಲ್ಲಿ ಕಂಪನಿ ಒಂದು ತುದಿಯಿಂದ ಇನ್ನೊಂದು ತುದಿಗೆ ಬಂದಿತ್ತು. ಇಲ್ಲಿ ಗಮನಿಸಬೇಕಾದದ್ದು, ಅದನ್ನು ಅಲ್ಲಿಯವರೆಗೆ ಎಳೆದೊಯ್ದವರು ಗ್ರಾಹಕರಲ್ಲ, ನೌಕರರು. ಅನಿಮೇಶನ್ ಕಲಾವಿದರು, ಬರಹಗಾರರು, ಇಂಜಿನಿಯರುಗಳು ಬಿಟ್ಟುಹೋದರೆ ಇಂಥ ಕಂಪನಿಯಲ್ಲಿ ಉಳಿಯುವುದು ಕಟ್ಟಡಗಳು ಮಾತ್ರ. ಆದ್ದರಿಂದ ಚಾಪೆಕ್ ನೌಕರರ ಸಿಟ್ಟಿಗೆ ಬೆಲೆ ಕೊಟ್ಟದ್ದು ಸರಿಯಾದ ಲೆಕ್ಕಾಚಾರವೇ. ತಪ್ಪಿದ್ದು ಮುಂದಿನ ಹೆಜ್ಜೆಯಲ್ಲಿ: ನೌಕರರನ್ನು ಸಮಾಧಾನಪಡಿಸಲು ಬೇಕಿದ್ದ ಮಾತು ಒಂದು, ರಾಜ್ಯ ಸರ್ಕಾರಕ್ಕೆ ಸವಾಲು ಹಾಕುವ ಮಾತು ಇನ್ನೊಂದು. ಕಾನೂನನ್ನು ರದ್ದುಪಡಿಸುವುದೇ ಗುರಿ ಎಂದು ಬರೆದವರು, ಆ ಸರ್ಕಾರದ ಕೈಯಲ್ಲಿ ತಮ್ಮದೇನೇನಿದೆ ಎಂದು ಪಟ್ಟಿ ಮಾಡಿದಂತೆ ಕಾಣುವುದಿಲ್ಲ.

ಪಟ್ಟಿ ಮಾಡಿದ್ದರೆ ಅದರ ಮೊದಲ ಸಾಲಿನಲ್ಲಿ ರೀಡಿ ಕ್ರೀಕ್ ಇರುತ್ತಿತ್ತು. 1967ರಲ್ಲಿ, ಒರ್ಲ್ಯಾಂಡೊ ಸಮೀಪದ ಜೌಗು ಭೂಮಿಯಲ್ಲಿ ಮನರಂಜನಾ ಉದ್ಯಾನ (ಥೀಮ್ ಪಾರ್ಕ್) ಕಟ್ಟಲು ಡಿಸ್ನಿ ಮುಂದಾದಾಗ, ಫ್ಲಾರಿಡಾದ ಶಾಸನಸಭೆ ಅದಕ್ಕಾಗಿಯೇ ಆ ಹೆಸರಿನ ಒಂದು ವಿಶೇಷ ಜಿಲ್ಲೆಯನ್ನು ಸೃಷ್ಟಿಸಿತು. ಆರೆಂಜ್ ಮತ್ತು ಆಸಿಯೋಲಾ ಕೌಂಟಿಗಳಲ್ಲಿ (ರಾಜ್ಯದೊಳಗಿನ ಸ್ಥಳೀಯ ಆಡಳಿತ ವಿಭಾಗಗಳಲ್ಲಿ) ಹರಡಿರುವ ಸುಮಾರು 25 ಸಾವಿರ ಎಕರೆ, ಅಂದರೆ ಸುಮಾರು 100 ಚದರ ಕಿಲೋಮೀಟರ್ ಜಾಗದಲ್ಲಿ ರಸ್ತೆ, ಚರಂಡಿ, ಅಗ್ನಿಶಾಮಕ ದಳ, ಕಟ್ಟಡ ಪರವಾನಗಿ, ತೆರಿಗೆ, ಸಾಲಪತ್ರಗಳ ಬಿಡುಗಡೆ ಎಲ್ಲವೂ ಆ ಜಿಲ್ಲೆಯ ಅಧಿಕಾರಕ್ಕೆ ಸೇರಿದ್ದವು. ಬೇಕೆಂದರೆ ವಿಮಾನ ನಿಲ್ದಾಣವನ್ನೂ, ಅಣು ವಿದ್ಯುತ್ ಸ್ಥಾವರವನ್ನೂ ಕಟ್ಟುವ ಅಧಿಕಾರ ಮೂಲ ಶಾಸನದಲ್ಲಿತ್ತು. ಜಿಲ್ಲೆಯ ಮಂಡಳಿಯನ್ನು ಆರಿಸುತ್ತಿದ್ದವರು ಭೂಮಾಲೀಕರು; ಬಹುಪಾಲು ಭೂಮಿ ಡಿಸ್ನಿಯದು. ಬೇರೆ ಯಾವ ಉದ್ಯಮಿಯೂ ಕಟ್ಟಡದ ನಕ್ಷೆ ಹಿಡಿದು ಕಚೇರಿಯಿಂದ ಕಚೇರಿಗೆ ಅಲೆಯಬೇಕಾದಲ್ಲಿ ಡಿಸ್ನಿಗೆ ಅರ್ಜಿ ಕೊಡುವವನೂ ಮಂಜೂರು ಮಾಡುವವನೂ ಹೆಚ್ಚುಕಡಿಮೆ ಒಬ್ಬನೇ ಆಗಿದ್ದ. 1971ರಲ್ಲಿ ಉದ್ಯಾನ ತೆರೆದಂದಿನಿಂದ ಅರ್ಧ ಶತಮಾನ ಯಾರೂ ಈ ಸೌಲಭ್ಯವನ್ನು ಮುಟ್ಟಲಿಲ್ಲ. ಆದರೆ ಶಾಸನಸಭೆ ಕೊಟ್ಟದ್ದನ್ನು ಶಾಸನಸಭೆಯೇ ಹಿಂದಕ್ಕೆ ಪಡೆಯಬಹುದು.

2022ರ ಏಪ್ರಿಲ್ 22ರಂದು, ಡಿಸ್ನಿಯ ಹೇಳಿಕೆ ಹೊರಟು ಒಂದು ತಿಂಗಳೂ ಆಗುವ ಮೊದಲೇ, ಆ ಜಿಲ್ಲೆಯನ್ನು ವಿಸರ್ಜಿಸುವ ಕಾನೂನಿಗೆ ಡಿಸಾಂಟಿಸ್ ಸಹಿ ಹಾಕಿದರು. ಜಿಲ್ಲೆಯ ಹೆಸರಿನಲ್ಲಿದ್ದ ಸುಮಾರು 100 ಕೋಟಿ ಡಾಲರ್ ಸಾಲ ಕೌಂಟಿಗಳ ತೆರಿಗೆದಾರರ ತಲೆಗೆ ಬರಬಹುದೆಂಬ ಆತಂಕ ಎದ್ದಿತು. ಕೊನೆಗೆ 2023ರ ಫೆಬ್ರವರಿ 27ರಂದು ಬಂದ ಇನ್ನೊಂದು ಕಾನೂನು ಜಿಲ್ಲೆಯನ್ನು ಉಳಿಸಿಕೊಂಡು, ಅದಕ್ಕೆ ಸೆಂಟ್ರಲ್ ಫ್ಲಾರಿಡಾ ಟೂರಿಸಂ ಓವರ್‌ಸೈಟ್ ಡಿಸ್ಟ್ರಿಕ್ಟ್ ಎಂದು ಮರುನಾಮಕರಣ ಮಾಡಿ, ಐವರು ಸದಸ್ಯರ ಮಂಡಳಿಯನ್ನು ನೇಮಿಸುವ ಅಧಿಕಾರವನ್ನು ಗವರ್ನರಿಗೆ ಕೊಟ್ಟಿತು. ಇತ್ತ ಹೊರಹೋಗುತ್ತಿದ್ದ ಹಳೆಯ ಮಂಡಳಿ ಅದೇ ತಿಂಗಳ ಆರಂಭದಲ್ಲಿ, ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು, ಬಹಿರಂಗ ಸಭೆ ನಡೆಸಿ, ಅಭಿವೃದ್ಧಿಯ ಹಕ್ಕುಗಳನ್ನು ಡಿಸ್ನಿಗೆ ಒಪ್ಪಿಸುವ ಕರಾರುಗಳಿಗೆ ಸಹಿ ಹಾಕಿಬಿಟ್ಟಿತ್ತು. ಅದರಲ್ಲಿನ ಒಂದು ಷರತ್ತು ಬ್ರಿಟನ್ನಿನ ದೊರೆ 3ನೇ ಚಾರ್ಲ್ಸ್‌ನ ಈಗಿರುವ ವಂಶಜರಲ್ಲಿ ಕೊನೆಯವರು ತೀರಿಕೊಂಡು 21 ವರ್ಷಗಳಾಗುವವರೆಗೆ ಜಾರಿಯಲ್ಲಿರಬೇಕಿತ್ತು. ಹೊಸ ಮಂಡಳಿಗೆ ಇದು ತಿಳಿದದ್ದು ಮಾರ್ಚ್ ಕೊನೆಯಲ್ಲಿ. ವಕೀಲರ ಚಾತುರ್ಯಕ್ಕೆ ತಲೆದೂಗಿದ ಅನೇಕರಲ್ಲಿ ನಾನೂ ಒಬ್ಬ. ಆದರೆ ಎದುರಾಳಿಯನ್ನು ನಗೆಪಾಟಲಾಗಿಸಿದ ಗೆಲುವು ಸಂಧಾನದ ಬಾಗಿಲನ್ನು ಇನ್ನಷ್ಟು ಬಿಗಿಯಾಗಿ ಮುಚ್ಚಿಸುತ್ತದೆ. ಆದದ್ದೂ ಅದೇ: ಶಾಸನಸಭೆ ಆ ಕರಾರುಗಳನ್ನು ಊರ್ಜಿತವಲ್ಲವೆಂದು ಸಾರುವ ಮತ್ತೊಂದು ಕಾನೂನನ್ನೇ ತಂದಿತು.

2023ರ ಏಪ್ರಿಲ್ 26ರಂದು ಡಿಸ್ನಿ ಫೆಡರಲ್ ನ್ಯಾಯಾಲಯಕ್ಕೆ ಹೋಯಿತು. ಅಭಿಪ್ರಾಯ ಹೇಳಿದ್ದಕ್ಕಾಗಿ ಸರ್ಕಾರ ಸೇಡು ತೀರಿಸಿಕೊಳ್ಳುತ್ತಿದೆ, ಇದು ವಾಕ್ ಸ್ವಾತಂತ್ರ್ಯವನ್ನು ಕಾಯುವ ಅಮೆರಿಕ ಸಂವಿಧಾನದ ಮೊದಲ ತಿದ್ದುಪಡಿಯ ಉಲ್ಲಂಘನೆ ಎಂಬುದು ಅದರ ವಾದ. ನ್ಯಾಯದ ದೃಷ್ಟಿಯಿಂದ ಆ ವಾದದಲ್ಲಿ ತೂಕವಿತ್ತೆಂದೇ ನನ್ನ ಅನಿಸಿಕೆ. ಕಂಪನಿಯ ಮಾತು ಹಿಡಿಸದಿದ್ದರೆ ಟಿಕೆಟ್ ಕೊಳ್ಳದಿರುವುದು ಪ್ರಜೆಯ ಹಕ್ಕು, ಆದರೆ ಸರ್ಕಾರ ಕಾನೂನನ್ನೇ ದೊಣ್ಣೆಯಾಗಿಸಿಕೊಳ್ಳುವುದು ಬೇರೆಯೇ ವಿಷಯ. ಆದರೂ 2024ರ ಜನವರಿ 31ರಂದು ನ್ಯಾಯಾಧೀಶರು ದಾವೆಯನ್ನು ವಜಾ ಮಾಡಿದರು. ಮೇಲ್ನೋಟಕ್ಕೆ ಸಂವಿಧಾನಬದ್ಧವಾಗಿರುವ ಕಾನೂನಿನ ಹಿಂದೆ ಶಾಸಕರ ಉದ್ದೇಶವೇನಿತ್ತು ಎಂದು ನ್ಯಾಯಾಲಯ ಕೆದಕಲಾಗದು ಎಂಬುದು ತೀರ್ಪಿನ ತಿರುಳು. ಮಾರ್ಚ್ 27ರಂದು ರಾಜಿಯಾಯಿತು; ಆ ಚತುರ ಕರಾರುಗಳು ಅಸಿಂಧು ಎಂದು ಡಿಸ್ನಿಯೇ ಒಪ್ಪಿಕೊಂಡಿತು. ಜೂನ್‌ನಲ್ಲಿ 1,700 ಕೋಟಿ ಡಾಲರ್‌ವರೆಗಿನ ಹೂಡಿಕೆಗೆ ಅವಕಾಶ ಕೊಡುವ 15 ವರ್ಷಗಳ ಹೊಸ ಒಪ್ಪಂದವಾಯಿತು. ಇನ್ನು ಜಗಳಕ್ಕೆ ಕಾರಣವಾದ ಶಾಲಾ ಕಾನೂನು ರದ್ದಾಗುವುದಿರಲಿ, 2023ರಲ್ಲಿ ಅದರ ವ್ಯಾಪ್ತಿಯೇ ಮೇಲಿನ ತರಗತಿಗಳಿಗೂ ಹಿಗ್ಗಿತು. 2024ರ ಮಾರ್ಚ್‌ನಲ್ಲಿ ಅದರ ಅರ್ಥವನ್ನು ಸ್ವಲ್ಪ ಸಡಿಲಿಸಿದ್ದು ಹಕ್ಕುಗಳ ಪರ ಹೋರಾಟಗಾರರು ಹೂಡಿದ್ದ ಬೇರೊಂದು ದಾವೆಯ ರಾಜಿ.

ಹಾಗಾದರೆ ಡಿಸ್ನಿಯಂಥ ಕಂಪನಿ ಸರ್ಕಾರದ ವಿರುದ್ಧ ಬಾಯಿ ತೆರೆಯಲೇಬಾರದೇ ಎಂದು ಕೇಳುವವರಿಗೆ ನಾನು ಜಾರ್ಜಿಯಾ ರಾಜ್ಯವನ್ನು ತೋರಿಸುತ್ತೇನೆ. 2016ರಲ್ಲಿ ಅಲ್ಲಿ ಧಾರ್ಮಿಕ ಸ್ವಾತಂತ್ರ್ಯದ ಹೆಸರಿನ ಮಸೂದೆಯೊಂದು ಸಲಿಂಗಿಗಳಿಗೆ ಸೇವೆ ನಿರಾಕರಿಸಲು ದಾರಿ ಮಾಡಿಕೊಡುತ್ತದೆಂಬ ಆರೋಪ ಬಂದಾಗ, ಅದು ಕಾನೂನಾದರೆ ಚಿತ್ರೀಕರಣವನ್ನು ಬೇರೆಡೆಗೆ ಒಯ್ಯುತ್ತೇವೆ ಎಂದು ಇದೇ ಡಿಸ್ನಿ ಹೇಳಿತ್ತು. ಬೇರೆ ಕಂಪನಿಗಳೂ ದನಿಗೂಡಿಸಿದವು. ಗವರ್ನರ್ ನೇಥನ್ ಡೀಲ್ ಮಸೂದೆಯನ್ನು ತಡೆಹಿಡಿದರು. ಕ್ಯಾಮೆರಾ, ದೀಪ, ತಂತ್ರಜ್ಞರನ್ನು ಇನ್ನೊಂದು ರಾಜ್ಯಕ್ಕೆ ಸಾಗಿಸಬಹುದು, ಆದ್ದರಿಂದ ಆ ಬೆದರಿಕೆಗೆ ಬಲವಿತ್ತು. ಫ್ಲಾರಿಡಾದ 25 ಸಾವಿರ ಎಕರೆಯನ್ನು ಎಲ್ಲಿಗೂ ಸಾಗಿಸಲಾಗದು. ಕ್ಯಾಲಿಫೋರ್ನಿಯಾದಿಂದ ಸುಮಾರು 2,000 ಹುದ್ದೆಗಳನ್ನು ಒರ್ಲ್ಯಾಂಡೊಗೆ ತರುವ ಯೋಜನೆಯನ್ನು 2023ರ ಮೇ ತಿಂಗಳಲ್ಲಿ ಡಿಸ್ನಿ ಕೈಬಿಟ್ಟಿತು, ವ್ಯಾಪಾರದ ಪರಿಸ್ಥಿತಿ ಬದಲಾಗಿದೆ ಎಂಬ ಕಾರಣ ಕೊಟ್ಟು. ಅದರ ಕೈಯಲ್ಲಿದ್ದ ಅಸ್ತ್ರ ಅಷ್ಟೇ.

ಇಷ್ಟೆಲ್ಲ ನಡೆಯುವಾಗ ಗ್ರಾಹಕರು ಏನು ಮಾಡಿದರು? ಟೀವಿಯಲ್ಲಿ, ಜಾಲತಾಣಗಳಲ್ಲಿ ಬಹಿಷ್ಕಾರದ ಕರೆಗಳು ದೊಡ್ಡದಾಗಿಯೇ ಕೇಳಿಸಿದವು. ಆದರೂ 2022ರ ಆರ್ಥಿಕ ವರ್ಷದಲ್ಲಿ ಉದ್ಯಾನಗಳು ಮತ್ತು ಸರಕುಗಳ ವಿಭಾಗದ ಆದಾಯ ಸುಮಾರು 2,870 ಕೋಟಿ ಡಾಲರ್ ಮುಟ್ಟಿ, ಕೋವಿಡ್‌ಗೆ ಮುಂಚಿನ 2019ನ್ನೂ ಮೀರಿತು. ಕೋವಿಡ್ ನಂತರದ ಪ್ರವಾಸದ ಹಸಿವನ್ನು ಈ ಲೆಕ್ಕದಿಂದ ಕಳೆಯಬೇಕು, ನಿಜ. ಆದರೆ ಹಿಂದಿನ ಅನುಭವವೂ ಇದೇ ದಿಕ್ಕನ್ನು ತೋರಿಸುತ್ತದೆ. ಸಲಿಂಗಿ ನೌಕರರ ಸಂಗಾತಿಗಳಿಗೂ ಆರೋಗ್ಯ ವಿಮೆಯಂಥ ಸೌಲಭ್ಯ ಕೊಟ್ಟದ್ದು ಸೇರಿದಂತೆ ಹಲವು ಕಾರಣಗಳಿಗಾಗಿ ಸದರ್ನ್ ಬ್ಯಾಪ್ಟಿಸ್ಟ್ ಕನ್ವೆನ್ಷನ್ 1997ರಲ್ಲಿ ಡಿಸ್ನಿಗೆ ಬಹಿಷ್ಕಾರ ಹಾಕಿತು. ಕೋಟ್ಯಂತರ ಸದಸ್ಯರ ಆ ಕ್ರೈಸ್ತ ಪಂಥ 2005ರಲ್ಲಿ ಅದನ್ನು ಹಿಂತೆಗೆದುಕೊಂಡಿತು, ಡಿಸ್ನಿ ಆ ಸೌಲಭ್ಯವನ್ನು ಹಿಂತೆಗೆದುಕೊಳ್ಳಲಿಲ್ಲ. ವಸ್ತುವನ್ನು ಬದಲಿಸುವುದು ಸುಲಭವಾದಲ್ಲಿ ಮಾತ್ರ ಗ್ರಾಹಕರ ಸಿಟ್ಟು ಬೇಗ ಫಲ ಕೊಡುತ್ತದೆ. ಟ್ರಾನ್ಸ್‌ಜೆಂಡರ್ ಜಾಲತಾಣ ತಾರೆಯೊಬ್ಬರೊಡನೆ 2023ರ ಏಪ್ರಿಲ್‌ನಲ್ಲಿ ಮಾಡಿದ ಒಂದು ಸಣ್ಣ ಪ್ರಚಾರಕ್ಕೆ ಬಡ್ ಲೈಟ್ ಬಿಯರ್ ಅಮೆರಿಕದ ಮಾರಾಟದಲ್ಲಿನ ಮೊದಲ ಸ್ಥಾನವನ್ನೇ ಕಳೆದುಕೊಂಡಿತು, ಏಕೆಂದರೆ ಅದೇ ಕಪಾಟಿನಲ್ಲಿ, ಅದೇ ಬೆಲೆಗೆ, ಅದೇ ರುಚಿಯ ಇನ್ನೊಂದು ಬಿಯರ್ ಇತ್ತು. ಡಿಸ್ನಿ ಪ್ರವಾಸಕ್ಕೆ ವರ್ಷದ ಮೊದಲೇ ಹಣ ಕೂಡಿಟ್ಟು, ಮಕ್ಕಳಿಗೆ ಮಾತು ಕೊಟ್ಟ ತಂದೆತಾಯಿಗೆ ಅಂಥ ಕಪಾಟಿಲ್ಲ.

ನಮ್ಮಲ್ಲಿ 2020ರ ಅಕ್ಟೋಬರ್‌ನಲ್ಲಿ ತನಿಷ್ಕ್ ಆಭರಣಗಳ ಜಾಹೀರಾತಿಗೆ ಎದ್ದ ವಿರೋಧವನ್ನೂ ಇದೇ ಅಳತೆಗೋಲಿನಿಂದ ನೋಡಬಹುದು. ಹಿಂದೂ ಸೊಸೆಗೆ ಮುಸ್ಲಿಂ ಅತ್ತೆಮನೆಯವರು ಸೀಮಂತ ಮಾಡುವ ಆ ಜಾಹೀರಾತನ್ನು ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯಿರುವ ಟೈಟನ್ ಕಂಪನಿ ಕೆಲವೇ ದಿನಗಳಲ್ಲಿ ಹಿಂತೆಗೆದುಕೊಂಡಾಗ, ನೌಕರರ ಮತ್ತು ಮಳಿಗೆ ಸಿಬ್ಬಂದಿಯ ಕ್ಷೇಮವನ್ನು ಒಂದು ಕಾರಣವಾಗಿ ಹೇಳಿತು. ಧೈರ್ಯ ಸಾಲಲಿಲ್ಲ ಎಂದು ಟೀಕಿಸಿದವರಲ್ಲಿ ಹೆಚ್ಚಿನವರು ಗಾಜಿನ ಮಳಿಗೆಯ ಹಿಂದೆ ನಿಂತು ಕೆಲಸ ಮಾಡುವವರಾಗಿರಲಿಲ್ಲ. ಜಾಹೀರಾತಿಗೆ ಒಪ್ಪಿಗೆ ಕೊಟ್ಟ ದಿನವೇ, ವಿರೋಧ ಬಂದರೆ ಊರೂರಿನ ಮಳಿಗೆಗಳಲ್ಲಿ ಏನು ವ್ಯವಸ್ಥೆ ಎಂದು ಯೋಚಿಸಿಟ್ಟುಕೊಂಡಿದ್ದರೆ ಹಿಂತೆಗೆಯಬೇಕಾಗಿ ಬರುತ್ತಿತ್ತೋ ಇಲ್ಲವೋ ಎಂಬುದೇ ಅಲ್ಲಿ ಕೇಳಬೇಕಾದ ಪ್ರಶ್ನೆ.

ಚಾಪೆಕ್ 2022ರ ನವೆಂಬರ್ 20ರಂದು ಹುದ್ದೆ ಕಳೆದುಕೊಂಡರು. ಸ್ಟ್ರೀಮಿಂಗ್ ವ್ಯವಹಾರದ ನಷ್ಟ ಅದಕ್ಕೆ ಹೆಚ್ಚು ಹತ್ತಿರದ ಕಾರಣ. ಫ್ಲಾರಿಡಾ ಪ್ರಕರಣ ಅವರ ಮೇಲಿನ ವಿಶ್ವಾಸವನ್ನು ಮೊದಲೇ ಸವೆಸಿತ್ತು. ಅವರ ಜಾಗಕ್ಕೆ ಮರಳಿ ಬಂದ ಹಿಂದಿನ ಸಿಇಒ ಬಾಬ್ ಐಗರ್, ಮೊದಲ ಕೆಲಸ ಮನರಂಜನೆ ಎಂಬ ಧಾಟಿಗೆ ಕಂಪನಿಯನ್ನು ಹೊರಳಿಸಿದರು. 2023ರ ವಾರ್ಷಿಕ ವರದಿಯ ಅಪಾಯಗಳ ಅಧ್ಯಾಯದಲ್ಲಿ, ಸಾರ್ವಜನಿಕ ವಿಷಯಗಳಲ್ಲಿ ಕಂಪನಿಯ ನಿಲುವಿನ ಬಗ್ಗೆ ಗ್ರಾಹಕರಲ್ಲಿ ತೀರಾ ಭಿನ್ನಾಭಿಪ್ರಾಯವಿದ್ದು ಅದರಿಂದ ಹೆಸರಿಗೆ ಧಕ್ಕೆಯಾಗಬಹುದು ಎಂಬ ಎಚ್ಚರಿಕೆಯೂ ಸೇರಿತು. ವರದಿಯಲ್ಲಿ ಗ್ರಾಹಕರ ಮಾತಿದೆ. ಆದರೆ ಒರ್ಲ್ಯಾಂಡೊದ ಆ ಜಿಲ್ಲೆಯ ಐವರು ಸದಸ್ಯರನ್ನು ನೇಮಿಸುವವರು ಈಗಲೂ ಗವರ್ನರ್. ಡಿಸಾಂಟಿಸ್ ಅವಧಿ 2027ರ ಜನವರಿಯಲ್ಲಿ ಮುಗಿಯುತ್ತದೆ. ಅಲ್ಲಿಂದಾಚೆ ಆ ಕುರ್ಚಿಯಲ್ಲಿ ಕೂರುವವರು ಯಾವ ಪಕ್ಷದವರೇ ಆಗಲಿ, ಡಿಸ್ನಿಯ ರಸ್ತೆ, ಚರಂಡಿ, ಕಟ್ಟಡಗಳ ಕಡತ ಅವರು ನೇಮಿಸಿದ ಮಂಡಳಿಯ ಮುಂದೆಯೇ ಹೋಗಬೇಕಾಗುತ್ತದೆ.