ಜೈಲಿನಲ್ಲಿ ಕಲಿತ ಕೆಲಸ, ಹೊರಗೆ ಸಿಗದ ಕೆಲಸ

ಕರ್ನಾಟಕದ ಜೈಲುಗಳಲ್ಲಿ ಈಗ ಕೂಲಿ ಪರವಾಗಿಲ್ಲ. 2022ರ ಕೊನೆಯ ಹೊತ್ತಿಗೆ ಸರ್ಕಾರ ದರ ಏರಿಸಿತು. ಹೊಸಬರಿಗೆ ದಿನಕ್ಕೆ 524 ರೂಪಾಯಿ, ಚೆನ್ನಾಗಿ ಪಳಗಿದವರಿಗೆ 663 ರೂಪಾಯಿ. ದೇಶದಲ್ಲೇ ಜಾಸ್ತಿ ಎಂದು ಆಗ ಸುದ್ದಿಯಾಯಿತು. ಬೇಕರಿ, ಹೊಲಿಗೆ, ಮರಗೆಲಸ, ನೇಯ್ಗೆ, ತೋಟ, ಹೀಗೆ ಕಲಿಯುವುದಕ್ಕೂ ಬೇಕಾದಷ್ಟಿದೆ.

ಆದರೆ ಹತ್ತು ವರ್ಷ ಒಳಗೆ ಬಟ್ಟೆ ಹೊಲಿದವನು ಹೊರಗೆ ಬಂದು ಗಾರ್ಮೆಂಟ್ಸ್ ಗೇಟಿನ ಮುಂದೆ ನಿಂತರೆ, ಹೊಲಿಗೆ ಬರುತ್ತಾ ಅಂತ ಯಾರೂ ಮೊದಲು ಕೇಳುವುದಿಲ್ಲ. ‘ಇಷ್ಟು ವರ್ಷ ಎಲ್ಲಿದ್ದೆ?’ ಅಂತ ಕೇಳುತ್ತಾರೆ. ಹಿಂದಿನ ಮಾಲೀಕನ ಪತ್ರ ಇರುವುದಿಲ್ಲ. ಬಾಡಿಗೆ ಮನೆಗೆ ವಿಳಾಸದ ದಾಖಲೆ ಬೇಕು, ವಿಳಾಸ ಸಿಗಬೇಕಾದರೆ ಮನೆ ಬೇಕು. ಆಧಾರ್‌ಗೆ ಜೋಡಿಸಿದ್ದ ಮೊಬೈಲ್ ನಂಬರ್ ಯಾವಾಗಲೋ ಬೇರೆಯವರ ಪಾಲಾಗಿರುತ್ತದೆ. ಆಗಸ್ಟ್ 15ಕ್ಕೋ ಜನವರಿ 26ಕ್ಕೋ ಸನ್ನಡತೆಯ ಮೇಲೆ ಬಿಡುಗಡೆಯಾದವರ ಫೋಟೊ ಮಾರನೇ ದಿನ ಪತ್ರಿಕೆಯಲ್ಲಿ ಬರುತ್ತದೆ, ಕೈಯಲ್ಲಿ ಪ್ರಮಾಣಪತ್ರ, ಪಕ್ಕದಲ್ಲಿ ಅಧಿಕಾರಿಗಳು. ಆ ಪ್ರಮಾಣಪತ್ರ ತೋರಿಸಿ ಕೆಲಸ ಕೇಳುವುದು ಹೇಗೆ ಹೇಳಿ?

ಕೈಕೆಲಸದ ಕೊರತೆ ಈ ಕಥೆಯಲ್ಲಿ ದೊಡ್ಡದಾಗಿ ಕಾಣುವುದೇ ಇಲ್ಲ. ‘ಇವನನ್ನು ನಾನು ನೋಡ್ಕೋತೀನಿ’ ಅಂತ ಹೇಳುವವರು ಇಲ್ಲದಿರುವುದೇ ದೊಡ್ಡ ತೊಂದರೆ. ನೂರು ವರ್ಷದಲ್ಲಿ ನಡೆದ ಪ್ರಯತ್ನಗಳನ್ನು ನೋಡುತ್ತಾ ಹೋದರೆ, ಗೆದ್ದವುಗಳಲ್ಲಿ ಹಾಗೆ ಹೇಳಿದವರು ಯಾರೋ ಒಬ್ಬರು ಸಿಕ್ಕೇ ಸಿಗುತ್ತಾರೆ.

ಬ್ರಿಟಿಷರ 1894ರ ಜೈಲು ಕಾಯ್ದೆಗೆ ಈ ಚಿಂತೆಯೇ ಇರಲಿಲ್ಲ. ಕೈದಿಯನ್ನು ಇಡಬೇಕು, ದುಡಿಸಬೇಕು, ತಪ್ಪು ಮಾಡಿದರೆ ಶಿಕ್ಷಿಸಬೇಕು, ಅಷ್ಟೇ. ಹೊರಬಂದವರಿಗೆ ಬಟ್ಟೆ, ದಾರಿಖರ್ಚು, ಒಂದಿಷ್ಟು ಉಪಕರಣ ಕೊಡುವ ಕೆಲಸ ಊರ ದೊಡ್ಡ ಮನುಷ್ಯರು ಕಟ್ಟಿಕೊಂಡ ಸಹಾಯ ಸಂಘಗಳ ಪಾಲಿಗೆ ಬಂತು. 1919–20ರಲ್ಲಿ ಅಲೆಕ್ಸಾಂಡರ್ ಕಾರ್ಡ್ಯೂ ನೇತೃತ್ವದ ಸಮಿತಿ ದೇಶವಿದೇಶದ ಜೈಲುಗಳನ್ನು ಸುತ್ತಿ ಬಂದು, ಮನುಷ್ಯನನ್ನು ತಿದ್ದಿ ಮತ್ತೆ ಸಮಾಜಕ್ಕೆ ಸೇರಿಸುವುದೇ ಜೈಲಿನ ಗುರಿಯಾಗಬೇಕು ಎಂದು ಬರೆಯಿತು. ವರದಿ ಚೆನ್ನಾಗಿತ್ತು. ಜೈಲುಗಳು ಮಾತ್ರ ಹೆಚ್ಚುಕಡಿಮೆ ಹಾಗೇ ಉಳಿದವು.

ಅದೇ ಕಾಲದಲ್ಲಿ ಉತ್ತರ ಕರ್ನಾಟಕದಲ್ಲಿ ಇನ್ನೊಂದು ಪ್ರಯೋಗ ನಡೆಯುತ್ತಿತ್ತು. ಅದನ್ನು ಇಲ್ಲಿ ಬಿಟ್ಟರೆ ಕಥೆ ಅರ್ಧವಾಗುತ್ತದೆ. 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ಇಡೀ ಸಮುದಾಯಗಳನ್ನೇ ಹುಟ್ಟಾ ಅಪರಾಧಿಗಳು ಎಂದು ಪಟ್ಟಿ ಮಾಡಿತು. ಮುಂಬೈ ಪ್ರಾಂತ್ಯಕ್ಕೆ ಸೇರಿದ್ದ ವಿಜಾಪುರ, ಹುಬ್ಬಳ್ಳಿ, ಗದಗ–ಬೆಟಗೇರಿಯಲ್ಲಿ ಅಂಥವರಿಗಾಗಿ ಸೆಟ್ಲ್‌ಮೆಂಟ್‌ಗಳು ಎದ್ದವು. ಒಳಗಿನವರು ಗಿರಣಿಗೂ ರೈಲ್ವೆ ಕೆಲಸಕ್ಕೂ ಹೋಗಬೇಕಿತ್ತು. ಹಾಜರಿ ಕೊಡಬೇಕಿತ್ತು. ಪಾಸ್ ಇಲ್ಲದೆ ಹೊರಗೆ ಕಾಲಿಡುವಂತಿರಲಿಲ್ಲ. ಕೆಲಸವಿತ್ತು, ಮನೆಯಿತ್ತು, ಶಾಲೆಯೂ ಇತ್ತು. ಆದರೆ ಅಲ್ಲಿದ್ದ ಎಷ್ಟೋ ಜನರ ಮೇಲೆ ಯಾವ ಅಪರಾಧವೂ ಸಾಬೀತಾಗಿರಲಿಲ್ಲ. ಹುಟ್ಟಿದ ಜಾತಿಯೇ ತೀರ್ಪಾಗಿತ್ತು. 1952ರ ಆಗಸ್ಟ್ 31ರಂದು ಕಾಯ್ದೆ ರದ್ದಾಯಿತು, ಅವರು ವಿಮುಕ್ತ ಸಮುದಾಯಗಳಾದರು. ಹುಬ್ಬಳ್ಳಿಯಲ್ಲಿ ಆ ಬಡಾವಣೆಗೆ ಇವತ್ತಿಗೂ ಸೆಟ್ಲ್‌ಮೆಂಟ್ ಎಂದೇ ಹೆಸರು. ವಿಳಾಸ ಹೇಳಿದ ಕೂಡಲೇ ಎದುರಿನವರ ಮುಖ ಬದಲಾಗುವುದು ಎಷ್ಟು ತಲೆಮಾರು ನಡೆಯುತ್ತದೆ ಎಂದು ತಿಳಿಯಬೇಕಾದರೆ ಅಲ್ಲಿಯವರನ್ನೇ ಕೇಳಬೇಕು. ಜೈಲು ಕೈಪಿಡಿಗಳಲ್ಲಿ ಈ ಸಮುದಾಯಗಳ ಬಗ್ಗೆ ಉಳಿದಿದ್ದ ಸಾಲುಗಳನ್ನು ಕಿತ್ತುಹಾಕಿ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2024ರ ಅಕ್ಟೋಬರ್‌ನಲ್ಲಿ!

ಇದಕ್ಕೆ ತೀರಾ ಉಲ್ಟಾ ದಿಕ್ಕಿನ ಪ್ರಯೋಗ ಮಾಡಿದವನು ಒಂದು ಕಾಲದಲ್ಲಿ ಬೆಂಗಳೂರಿನಲ್ಲಿದ್ದ. ಮಾರಿಸ್ ಫ್ರೀಡ್‌ಮನ್ ಪೋಲೆಂಡಿನ ಯಹೂದಿ ಎಂಜಿನಿಯರ್. ಮೈಸೂರು ಸಂಸ್ಥಾನದ ಸರ್ಕಾರಿ ಎಲೆಕ್ಟ್ರಿಕ್ ಫ್ಯಾಕ್ಟರಿ ನಡೆಸಲು 1930ರ ದಶಕದಲ್ಲಿ ಬಂದ. ಆಮೇಲೆ ಖಾದಿ ಹಿಡಿದು, ಗಾಂಧಿಯ ಜೊತೆ ಸೇರಿ, ಔಂಧ್ ಎಂಬ ಪುಟ್ಟ ಸಂಸ್ಥಾನಕ್ಕೆ ಹೋದ. ಔಂಧ್‌ನ ಚೂರುಪಾರು ಪ್ರದೇಶಗಳಲ್ಲಿ ಕನ್ನಡ ನಾಡಿನ ಗುಣದಾಳವೂ ಒಂದು, ಈಗಿನ ವಿಜಯಪುರ ಜಿಲ್ಲೆಯದು. 1939ರಲ್ಲಿ ಔಂಧ್‌ಗೇ ಸೇರಿದ್ದ ಆಟಪಾಡಿಯ ಹತ್ತಿರ ಸ್ವತಂತ್ರಪುರ ಎಂಬ ಗೋಡೆಯಿಲ್ಲದ ಜೈಲು ಶುರುವಾಯಿತು. ಕೊಲೆ ಮಾಡಿ ಶಿಕ್ಷೆಗೊಳಗಾದವರು ಅಲ್ಲಿ ಉಳುಮೆ ಮಾಡಿದರು. ಹೆಂಡತಿ ಮಕ್ಕಳನ್ನೂ ಕರೆಸಿಕೊಳ್ಳಬಹುದಿತ್ತು. ಓಡಿಹೋದರೆ ಯಾರು ಜವಾಬ್ದಾರಿ ಎನ್ನುವ ಪ್ರಶ್ನೆಗೆ ರಾಜನೂ ಫ್ರೀಡ್‌ಮನ್ನನೂ ತಾವೇ ಹೆಗಲು ಕೊಟ್ಟಿದ್ದರು.

ಸ್ವಾತಂತ್ರ್ಯ ಬಂದ ಮೇಲೆ ಈ ಆಸೆಗೆ ಸರ್ಕಾರದ ಬಲ ಸಿಕ್ಕಿತು. ಉತ್ತರ ಪ್ರದೇಶದಲ್ಲಿ ಆಗ ಸಚಿವರಾಗಿದ್ದ ಸಂಪೂರ್ಣಾನಂದರ ಆಸಕ್ತಿಯಿಂದ 1952ರಲ್ಲಿ ಚಂದ್ರಪ್ರಭಾ ನದಿಯ ಅಣೆಕಟ್ಟಿಗೆ ಕೈದಿಗಳ ಶಿಬಿರ ನಡೆಯಿತು. ಮುಂದೆ ಅವರು ರಾಜಸ್ಥಾನದ ರಾಜ್ಯಪಾಲರಾಗಿದ್ದಾಗ, 1963ರಲ್ಲಿ ಜೈಪುರದ ಬಳಿಯ ಸಾಂಗಾನೇರ್‌ನಲ್ಲಿ ಬಯಲು ಬಂದೀಖಾನೆ ಶುರುವಾಯಿತು. ಅಲ್ಲಿ ಕೈದಿ ಸಂಸಾರದ ಜೊತೆ ಇರುತ್ತಾನೆ. ಬೆಳಿಗ್ಗೆ ಹಾಜರಿ ಹಾಕಿ ಊರಿಗೆ ಕೆಲಸಕ್ಕೆ ಹೋಗುತ್ತಾನೆ, ಸಂಜೆ ಹಾಜರಿಗೆ ವಾಪಸ್ ಬರುತ್ತಾನೆ. ಊಟ, ಕರೆಂಟ್ ಎಲ್ಲಾ ಅವನ ಸ್ವಂತ ದುಡಿಮೆಯಿಂದ. ದಿನದಿನದ ಆಡಳಿತ ನೋಡಿಕೊಳ್ಳಲು ಕೈದಿಗಳದ್ದೇ ಪಂಚಾಯಿತಿ ಇದೆ. ಶಿಕ್ಷೆ ಮುಗಿಯುವ ಹೊತ್ತಿಗೆ ಅವನಿಗೊಬ್ಬ ಮಾಲೀಕ, ಮಕ್ಕಳಿಗೊಂದು ಶಾಲೆ, ಸಾಲ ಬರೆದುಕೊಳ್ಳುವ ಕಿರಾಣಿ ಅಂಗಡಿ ಎಲ್ಲಾ ಇರುತ್ತವೆ. ಬಿಡುಗಡೆ ಆದೇಶ ಬಂದರೂ ಕೆಲವರು ಅಲ್ಲಿಂದ ಹೊರಡಲು ಒಪ್ಪದೆ ಅಧಿಕಾರಿಗಳಿಗೆ ತಲೆನೋವಾಗಿದ್ದೂ ಉಂಟು.

ನಮ್ಮಲ್ಲೂ ಒಂದು ಬಯಲು ಬಂದೀಖಾನೆ ಇದೆ, ದೇವನಹಳ್ಳಿ ಹತ್ತಿರದ ಕೊರಮಂಗಲದಲ್ಲಿ. ಬೆಂಗಳೂರಿನ ಕೋರಮಂಗಲ ಅಂದುಕೊಳ್ಳಬೇಡಿ. ಹೊಲ, ತೋಟ, ಹಸು ಸಾಕಣೆ. ನೂರು ಜನರಿಗೂ ಜಾಗ ಸಾಲದು. ರಾಜ್ಯಕ್ಕೆಲ್ಲಾ ಇರುವುದು ಅದೊಂದೇ. ಪಕ್ಕದಲ್ಲೇ ವಿಮಾನ ನಿಲ್ದಾಣ ಬಂದು ಸುತ್ತಲಿನ ಹೊಲಗಳೆಲ್ಲಾ ಸೈಟುಗಳಾಗುತ್ತಿರುವ ಕಡೆ ಬೇಸಾಯ ಕಲಿಸಿ ಕಳಿಸುವುದೂ ಸ್ವಲ್ಪ ವಿಚಿತ್ರವೇ, ಅಲ್ವಾ?

ಗೇಟಿನಾಚೆಯ ಕೆಲಸಕ್ಕೂ ಯೋಜನೆಗಳು ಬಂದವು. 1954ರಲ್ಲಿ ಸಮಾಜಶಾಸ್ತ್ರಜ್ಞ ಎಂ.ಎಸ್. ಗೋರೆ ಅಧ್ಯಕ್ಷತೆಯ ಸಮಿತಿ ಬಿಡುಗಡೆಯಾದವರಿಗೆ ತಂಗುಮನೆ, ತರಬೇತಿ, ಸಾಲ ಬೇಕು ಎಂದಿತು. ಅಲ್ಲಲ್ಲಿ ಅಂಥ ಮನೆಗಳು ತೆರೆದವು, ಮೆಲ್ಲಗೆ ಸೊರಗಿದವು. ಕಾರಣ ಸರಳ. ಬಾಗಿಲ ತನಕ ಜೈಲು ಇಲಾಖೆ, ಬಾಗಿಲಾಚೆ ಸಮಾಜ ಕಲ್ಯಾಣ ಇಲಾಖೆ. ಮಂಗಳವಾರ ಯಾರು ಹೊರಬರುತ್ತಾರೆ ಎಂದು ಒಬ್ಬರು ಇನ್ನೊಬ್ಬರಿಗೆ ಹೇಳುವುದಿಲ್ಲ. 1983ರಲ್ಲಿ ಜೈಲು ಸುಧಾರಣೆಯ ಮುಲ್ಲಾ ಸಮಿತಿಯೂ ಬಿಡುಗಡೆಯ ನಂತರದ ನೆರವಿನ ಬಗ್ಗೆ ಮತ್ತೆ ಬರೆಯಬೇಕಾಯಿತು.

ಆ ಸಂದಿಯಲ್ಲಿ ಕೈಹಾಕಿದವರು ಹೊರಗಿನವರು. 1981ರಲ್ಲಿ ಕೇರಳದ ಕೊಟ್ಟಾಯಂನಲ್ಲಿ ಪಾದ್ರಿಗಳಾಗಲು ಓದುತ್ತಿದ್ದ ಹುಡುಗರು ಜೈಲಿಗೆ ಭೇಟಿ ಕೊಡಲು ಶುರುಮಾಡಿದ್ದೇ ಪ್ರಿಸನ್ ಮಿನಿಸ್ಟ್ರಿ ಇಂಡಿಯಾ ಆಯಿತು. ಬಿಡುಗಡೆಯಾದವರಿಗೆ ಮನೆಗಳನ್ನು ನಡೆಸುವ ಈ ಸಂಸ್ಥೆಯ ರಾಷ್ಟ್ರೀಯ ಕಚೇರಿ ಬೆಂಗಳೂರಿನಲ್ಲಿದೆ.

ಮುಂಬೈಯ ಪ್ರಯಾಸ್ ಮಾಡಿದ ಕೆಲಸ ನನಗೆ ಇನ್ನೂ ಹೆಚ್ಚು ಹಿಡಿಸುತ್ತದೆ. ಟಾಟಾ ಸಮಾಜ ವಿಜ್ಞಾನ ಸಂಸ್ಥೆ 1990ರಲ್ಲಿ ಅದನ್ನು ಆರಂಭಿಸಿತು. ಅವರ ಸಮಾಜ ಕಾರ್ಯಕರ್ತರು ಜೈಲಿನೊಳಗೇ ಹೋಗಿ ಪರಿಚಯ ಮಾಡಿಕೊಳ್ಳುತ್ತಾರೆ. ಮನೆಗೆ ಸುದ್ದಿ ಮುಟ್ಟಿಸುತ್ತಾರೆ, ವಕೀಲರನ್ನು ಹುಡುಕುತ್ತಾರೆ. ಹೊರಬಂದವರನ್ನು ನೇರವಾಗಿ ಕಂಪನಿಗೆ ಕಳಿಸುವುದಿಲ್ಲ. ಮೊದಲು ಯಾವುದಾದರೂ ಸ್ವಯಂಸೇವಾ ಸಂಸ್ಥೆಯಲ್ಲಿ ಕೆಲವು ತಿಂಗಳು ಕೆಲಸಕ್ಕೆ ಇಡುತ್ತಾರೆ, ಭತ್ಯೆ ಕೊಡುತ್ತಾರೆ. ಹೊತ್ತಿಗೆ ಸರಿಯಾಗಿ ಏಳುವುದು, ರಜೆ ಕೇಳುವುದು, ಬೈಸಿಕೊಂಡರೂ ಮಾರನೇ ದಿನ ಬರುವುದು, ಇವೆಲ್ಲಾ ಅಲ್ಲಿ ಮತ್ತೆ ರೂಢಿಯಾಗುತ್ತವೆ. ಮುಂದಿನ ಮಾಲೀಕ ‘ಎಲ್ಲಿದ್ದೆ?’ ಎಂದು ಕೇಳಿದಾಗ ಹೇಳಲು ಒಂದು ಜಾಗದ ಹೆಸರಿರುತ್ತದೆ. ಫೋನ್ ಮಾಡಿದರೆ ‘ಹೌದು, ಗೊತ್ತು’ ಅನ್ನಲು ಅಲ್ಲೊಬ್ಬರು ಇರುತ್ತಾರೆ. ನೂರು ತರಬೇತಿ ಶಿಬಿರಗಳು ಕೊಡಲಾಗದ್ದು ಇದು.

ಜೈಲು ಇಲಾಖೆಗಳೇ ಮಾಲೀಕರಾದ ಉದಾಹರಣೆಗಳೂ ಇವೆ. ತಿಹಾರ್‌ಗೆ 2011ರಲ್ಲಿ ಕಂಪನಿಗಳು ಕಾಲೇಜಿಗೆ ಬಂದ ಹಾಗೆ ಕ್ಯಾಂಪಸ್ ಸಂದರ್ಶನಕ್ಕೆ ಬಂದವು. ಹೈದರಾಬಾದಿನ ಚಂಚಲಗುಡದಲ್ಲಿ ಜೈಲು ಇಲಾಖೆ ಪೆಟ್ರೋಲ್ ಬಂಕ್ ತೆರೆಯಿತು. ಮುಂದೆ ತೆಲಂಗಾಣದ ಇಂಥ ಬಂಕ್‌ಗಳಲ್ಲಿ ಬಿಡುಗಡೆಯಾದವರಿಗೂ ಕೆಲಸ ಸಿಕ್ಕಿತು. ಪೈಪ್ ಹಿಡಿದವನು ಯಾರು ಎಂದು ಗೊತ್ತಿದ್ದೂ ಜನ ಸುಮ್ನೆ ಪೆಟ್ರೋಲ್ ಹಾಕಿಸಿಕೊಂಡು ಹೋಗುತ್ತಾರೆ. ಮೈಸೂರಿನಲ್ಲಿ ರಂಗಾಯಣದ ಹುಲುಗಪ್ಪ ಕಟ್ಟಿಮನಿ ಕೈದಿಗಳಿಂದ ನಾಟಕ ಮಾಡಿಸಿ ಊರ ರಂಗಮಂದಿರಗಳಿಗೆ ಕರೆತಂದರು. ಅದು ನೌಕರಿ ಕೊಡಿಸುವ ಯೋಜನೆ ಅಲ್ಲದಿರಬಹುದು, ಆದರೆ ಟಿಕೆಟ್ ಕೊಂಡು ಕೂತವರು ಕೈದಿಯನ್ನು ಎರಡು ಗಂಟೆ ದಿಟ್ಟಿಸಿ ನೋಡಿದರಲ್ಲ.

ಇಷ್ಟಾದರೂ ಜೈಲಿನಲ್ಲಿರುವ ಜಾಸ್ತಿ ಜನ ಈ ಯಾವ ಲೆಕ್ಕಕ್ಕೂ ಸಿಗುವುದಿಲ್ಲ. 2022ರ ಕೊನೆಗೆ ದೇಶದ ಜೈಲುಗಳಲ್ಲಿ 5,73,220 ಜನ ಇದ್ದರು. ಅವರಲ್ಲಿ 4,34,302 ಮಂದಿ ವಿಚಾರಣಾಧೀನರು. ಅಂದರೆ ನೂರಕ್ಕೆ 75ಕ್ಕೂ ಮೇಲೆ. ಕೂಲಿ, ತರಬೇತಿ, ಬಯಲು ಬಂದೀಖಾನೆ ಬಹುಮಟ್ಟಿಗೆ ಸಜಾಬಂಧಿಗಳಿಗೆ. ವಿಚಾರಣಾಧೀನನಿಗೆ ಜಾಮೀನು ಯಾವಾಗ ಸಿಗುತ್ತದೋ ಗೊತ್ತಿಲ್ಲ, ಹಾಗಾಗಿ ಯೋಜನೆ ಹಾಕುವುದೂ ಕಷ್ಟ. ಆರು ತಿಂಗಳಿಗೇ ಹೊರಬಂದು, ಕೊನೆಗೆ ನಿರ್ದೋಷಿ ಎಂದಾದರೂ, ಹಳೆಯ ಕೆಲಸ ಅಷ್ಟರಲ್ಲಿ ಹೋಗಿರುತ್ತದೆ.

ಕಾನೂನೂ ಕೆಲವು ಬಾಗಿಲು ಮುಚ್ಚಿದೆ. ಹಳ್ಳಿಯಿಂದ ಬೆಂಗಳೂರಿಗೆ ಬಂದವನಿಗೆ ಸುಲಭವಾಗಿ ಸಿಗುವುದು ಸೆಕ್ಯುರಿಟಿ ಗಾರ್ಡ್ ಕೆಲಸ. 2005ರ ಖಾಸಗಿ ಭದ್ರತಾ ಏಜೆನ್ಸಿಗಳ ಕಾಯ್ದೆ ಶಿಕ್ಷೆಗೊಳಗಾದವರಿಗೆ ಅದನ್ನು ನಿಷೇಧಿಸುತ್ತದೆ, ಇಪ್ಪತ್ತು ವರ್ಷ ಹಿಂದಿನ ಅಪರಾಧವಾದರೂ. ಬ್ರಿಟನ್ 1974ರಲ್ಲೇ ಒಂದು ಕಾಯ್ದೆ ತಂದು, ಇಂತಿಷ್ಟು ವರ್ಷ ತಪ್ಪಿಲ್ಲದೆ ಬದುಕಿದವರು ಬಹುತೇಕ ಕೆಲಸಗಳಿಗೆ ಹಳೆಯ ಶಿಕ್ಷೆಯನ್ನು ಹೇಳಬೇಕಾಗಿಲ್ಲ ಎಂದಿತು. ನಮ್ಮಲ್ಲಿ ವಯಸ್ಕರಿಗೆ ಅಂಥ ಸಾಮಾನ್ಯ ಕಾಯ್ದೆ ಇಲ್ಲ. ಬಾಲಾಪರಾಧಿಗಳಿಗೆ ಮಾತ್ರ 2015ರ ಬಾಲನ್ಯಾಯ ಕಾಯ್ದೆಯಲ್ಲಿ ರಕ್ಷಣೆ ಇದೆ. ಇನ್ನೊಂದು ಕಿಂಡಿ 1958ರ ಪ್ರೊಬೇಷನ್ ಕಾಯ್ದೆಯ 12ನೇ ಸೆಕ್ಷನ್. ಜೈಲಿಗೆ ಕಳಿಸದೆ ಸನ್ನಡತೆಯ ಮುಚ್ಚಳಿಕೆ ಬರೆಸಿಕೊಂಡು ಬಿಟ್ಟವನಿಗೆ, ಶಿಕ್ಷೆಯ ಜೊತೆ ಬರುವ ಅನರ್ಹತೆ ಅಂಟುವುದಿಲ್ಲ. ಸಣ್ಣ ಕೇಸುಗಳಲ್ಲಿ ತೀರ್ಪಿನ ದಿನ ವಕೀಲರು ನ್ಯಾಯಾಧೀಶರನ್ನು ಇದನ್ನು ಕೇಳಬಹುದು. ಕೇಳದಿದ್ದರೆ ಹುಡುಗ ಜೈಲಿಗೆ ಹೋಗುತ್ತಾನೆ, ಹೊಲಿಗೆ ಕಲಿಯುತ್ತಾನೆ.