ಮೂರು ಸಾಲು ತುಂಬಿದರೂ ಒಂದೇ ಸಾಲು ಸೇವ್ ಆಗೋದು ಯಾಕೆ?

ಪ್ರಶ್ನೆ: ಪಿಎಚ್‌ಪಿಯಲ್ಲಿ ಬಿಲ್ ಫಾರ್ಮ್ ಮಾಡಿದ್ದೇನೆ. ‘ಇನ್ನೊಂದು ಸಾಲು’ ಬಟನ್ ಒತ್ತಿದರೆ ಹೊಸ ಸಾಲು ಬರುತ್ತದೆ. ಸೇವ್ ಮಾಡಿದರೆ ಮಾತ್ರ ಕೊನೆಯ ಸಾಲೊಂದೇ ಉಳಿಯುತ್ತದೆ. ಎಲ್ಲಿ ಎಡವಿದ್ದೇನೆ?

ಉತ್ತರ: ಎಲ್ಲ ಸಾಲಿನ ಫೀಲ್ಡಿಗೂ (ತುಂಬುವ ಖಾನೆಗೂ) ಒಂದೇ ನೇಮ್ ಕೊಟ್ಟಿದ್ದೀರಿ, ಅಲ್ವಾ? ಬ್ರೌಸರ್ ಮೂರನ್ನೂ ಕಳಿಸುತ್ತದೆ. ಆದರೆ ‘ದರ’ ಅನ್ನುವ ಒಂದೇ ಹೆಸರಲ್ಲಿ ಮೂರು ಬಂದರೆ ಸರ್ವರಿನಲ್ಲಿ ಓಡುವ ಪಿಎಚ್‌ಪಿ ಕೊನೆಯದನ್ನಷ್ಟೇ ಇಟ್ಟುಕೊಳ್ಳುತ್ತದೆ.

ಇದಕ್ಕೆ ಎಲ್ಲರೂ ಹೇಳಿಕೊಡುವ ಮದ್ದು ದರ[] ಅಂತ ಬರೆಯೋದು. ಆಗ ದರಗಳೆಲ್ಲ ಅರೇ ಆಗಿ, ಅಂದರೆ 0ಯಿಂದ ನಂಬರ್ ಹಾಕಿದ ಪಟ್ಟಿಯಾಗಿ ಬರುತ್ತವೆ. ಚೆಕ್‌ಬಾಕ್ಸ್ ಬರುವ ತನಕ ಇದು ಸರಿ. ನಾನು ಹೀಗೇ ಮಾಡಿ ಒಂದು ಕಿರಾಣಿ ಅಂಗಡಿಯ ಬಿಲ್ ಕೆಡಿಸಿದ್ದೆ. ಸೋಪು, ಬಿಡಿ ಅಕ್ಕಿ, ಬಿಸ್ಕತ್ತು ಅಂತ ಮೂರು ಸಾಲು. ‘ತೆರಿಗೆ ಇದೆ’ ಅನ್ನೋ ಟಿಕ್ ಸೋಪಿಗೆ ಮತ್ತು ಬಿಸ್ಕತ್ತಿಗೆ. ಟಿಕ್ ಇಲ್ಲದ ಚೆಕ್‌ಬಾಕ್ಸನ್ನು ಬ್ರೌಸರ್ ಕಳಿಸೋದೇ ಇಲ್ಲ. ಹಾಗಾಗಿ ಸರ್ವರಿಗೆ ಎರಡೇ ಟಿಕ್ ಬಂದವು, 0 ಮತ್ತು 1 ಅಂತ. ತೆರಿಗೆ ಅಕ್ಕಿಗೆ ಬಿತ್ತು, ಬಿಸ್ಕತ್ತು ಪಾರಾಯಿತು.

ಅದಕ್ಕೇ ವ್ಯೂನಲ್ಲಿ (ಪುಟದ ಎಚ್‌ಟಿಎಂಎಲ್ ಬರೆಯುವ ಕಡತದಲ್ಲಿ) ಲೂಪ್ ಓಡುವಾಗ ಸಾಲಿನ ನಂಬರನ್ನು ನೇಮ್ ಒಳಗೇ ಸೇರಿಸಿ: ಸಾಮಾನು[0][ದರ], ಸಾಮಾನು[0][ತೆರಿಗೆ], ಮುಂದಿನ ಸಾಲಿಗೆ ಸಾಮಾನು[1][ದರ]. ಒಂದು ಸಾಲಿನದ್ದೆಲ್ಲ ಒಂದೇ ಗಂಟಾಗಿ ಬರುತ್ತದೆ. (ಪುಟ ಯುಟಿಎಫ್-8 ಆಗಿದ್ದರೆ ನೇಮ್ ಕನ್ನಡದಲ್ಲೂ ಇಡಬಹುದು. ಆಫೀಸಿನಲ್ಲಿ ಯಾರೂ ಇಡಲ್ಲ, ಅದು ಬೇರೆ ಮಾತು.)

ಹೊಸ ಸಾಲಿಗೆ ನಂಬರ್ ಕೊಡಲು ಇರುವ ಸಾಲುಗಳನ್ನು ಎಣಿಸಬೇಡಿ. 0, 1, 2ರಲ್ಲಿ ನಡುವಿನದನ್ನು ಅಳಿಸಿದರೆ ಉಳಿಯೋದು ಎರಡು. ಎಣಿಸಿ ಕೊಟ್ಟರೆ ಹೊಸದಕ್ಕೂ 2 ಬಂದು ಹಳೇ 2ನ್ನು ನುಂಗುತ್ತದೆ. ಇಳಿಯದೆ ಏರುತ್ತಲೇ ಹೋಗುವ ಕೌಂಟರ್ ಒಂದಿರಲಿ. ನಡುವೆ ನಂಬರ್ ತಪ್ಪಿದರೆ ಪಿಎಚ್‌ಪಿ ತಲೆ ಕೆಡಿಸಿಕೊಳ್ಳಲ್ಲ, ಇರುವ ಸಾಲುಗಳನ್ನಷ್ಟೇ ಒಂದೊಂದಾಗಿ ಕೊಡುವ ಫಾರ್‌ಈಚ್ ಹಾಕಿ ಓದಿ. ಪಿಎಚ್‌ಪಿ ಬದಲು ಬಳಸುವ ಮೈಕ್ರೋಸಾಫ್ಟಿನ ಎಎಸ್‌ಪಿ ಡಾಟ್ ನೆಟ್ ಎಂವಿಸಿ ಹಾಗಲ್ಲ, ತಪ್ಪಿದಲ್ಲೇ ನಿಂತುಬಿಡುತ್ತದೆ. ಅಲ್ಲಿ ಸಾಲಿಗೊಂದು ‘ಇಂಡೆಕ್ಸ್’ ಹಿಡನ್ ಫೀಲ್ಡ್ (ಪುಟದಲ್ಲಿ ಕಾಣದ ಖಾನೆ) ಬೇಕು. ಪೈಥಾನ್‌ನ ಜ್ಯಾಂಗೋದಲ್ಲಿ ಇಂಥ ಸಾಲುಗಳನ್ನು ನೋಡಿಕೊಳ್ಳುವ ಫಾರ್ಮ್‌ಸೆಟ್‌ನಲ್ಲಿ ‘ಟೋಟಲ್ ಫಾರ್ಮ್ಸ್’ ಎಣಿಕೆ ಏರಿಸದಿದ್ದರೆ ಹೊಸ ಸಾಲು ಅದರ ಕಣ್ಣಿಗೇ ಬೀಳಲ್ಲ.

ಇಷ್ಟಾದ ಮೇಲೂ ಉದ್ದದ ಬಿಲ್‌ನಲ್ಲಿ ಕೊನೆಯ ಸಾಲುಗಳು ಕಾಣೆಯಾದರೆ ಸುಮ್ನೆ ಕೋಡ್ ತಡಕಾಡಬೇಡಿ. ಸೆಟ್ಟಿಂಗ್ ಮುಟ್ಟದಿದ್ದರೆ ಪಿಎಚ್‌ಪಿ ಒಂದು ಸಲಕ್ಕೆ 1000 ಫೀಲ್ಡ್ ಮಾತ್ರ ತೆಗೆದುಕೊಳ್ಳುತ್ತದೆ. ಸಾಲಿಗೆ 5 ಫೀಲ್ಡ್ ಇದ್ದರೆ 200 ಸಾಲಿಗೇ ಕೋಟಾ ಮುಗಿಯಿತು. ಪಿಎಚ್‌ಪಿ ಸೆಟ್ಟಿಂಗ್‌ನಲ್ಲಿ ‘ಮ್ಯಾಕ್ಸ್ ಇನ್‌ಪುಟ್ ವಾರ್ಸ್’ (max_input_vars) ಏರಿಸಿ ನೋಡಿ.